ವಿಷ ಹರಿದ ಹೊಳೆಗೆ ಜೀವ ಮರಳಲು ಎಷ್ಟು ವರ್ಷ ಬೇಕು?

ಪ್ರಶ್ನೆ: ನಮ್ಮೂರು ಹೊಳೆ ದಂಡೆಯ ಮೇಲಿದೆ. ಕಳೆದ ಏಪ್ರಿಲ್‌ನಲ್ಲಿ ಮೇಲ್ಗಡೆ ಎಲ್ಲೋ ಕಾರ್ಖಾನೆಯ ತ್ಯಾಜ್ಯದ ಹೊಂಡ ಒಡೆದು ನೀರೆಲ್ಲ ಕಂದು ಬಣ್ಣಕ್ಕೆ ತಿರುಗಿತು. ಎರಡು ದಿನ ಮೀನು ಸತ್ತು ತೇಲಿದವು. ಅಲ್ಲಿ ಸಕ್ಕರೆ ಕಾರ್ಖಾನೆಯೂ ಇದೆ, ಲೋಹಕ್ಕೆ ಕ್ರೋಮ್, ನಿಕ್ಕಲ್ ಲೇಪ ಹಾಕುವ ಪ್ಲೇಟಿಂಗ್ ಘಟಕವೂ ಇದೆ. ಹೊಂಡ ಯಾರದು ಅಂತ ಯಾರೂ ಹೇಳುತ್ತಿಲ್ಲ. 'ಒಂದು ಮಳೆಗಾಲ ಹೋದರೆ ಎಲ್ಲ ತೊಳೆದು ಹೋಗುತ್ತೆ' ಅಂತಾರೆ ಹಿರಿಯರು. ನಿಜವಾ? ಹೊಳೆ ಮೊದಲಿನಂತಾಗಲು ಎಷ್ಟು ವರ್ಷ ಬೇಕು? ಪಂಚಾಯಿತಿಯಿಂದ ಮೀನುಮರಿ ಬಿಡೋಣ ಎಂಬ ಮಾತಿದೆ. ಬಿಡಬಹುದಾ?

ಉತ್ತರ: ಹಿರಿಯರ ಮಾತು ಅರ್ಧ ನಿಜ. ನೀರು ತಿಳಿಯಾಗಲು ಒಂದು ಮಳೆಗಾಲ ಧಾರಾಳವಾಯಿತು. ಎಷ್ಟೋ ಸಲ ಒಂದು ವಾರವೇ ಸಾಕು. ನಿಮ್ಮ ದಂಡೆಯ ಮುಂದೆ ಇವತ್ತು ಹರಿದ ನೀರು ನಾಳೆ ಇನ್ಯಾವುದೋ ಊರಲ್ಲಿರುತ್ತದೆ. ಹಿಂದೆ ಉಳಿಯುವುದು ತಳದ ಕೆಸರು, ಕಲ್ಲು, ಮತ್ತು ಅಲ್ಲಿ ಬದುಕಬೇಕಾದ ಜೀವಗಳು. ಹಾಗಾಗಿ ಯಾರಾದರೂ 'ಎಷ್ಟು ವರ್ಷ' ಅಂತ ಕೇಳಿದರೆ ನಾನು ತಿರುಗಿ ಎರಡು ವಿಷಯ ಕೇಳುತ್ತೇನೆ. ಕೆಸರಿನಲ್ಲಿ ಏನು ಕೂತಿದೆ? ಹೊಸ ಜೀವ ಎಲ್ಲಿಂದ ಬರಬೇಕು? ಈ ಎರಡಕ್ಕೆ ಉತ್ತರ ಸಿಕ್ಕರೆ ವರ್ಷಗಳ ಲೆಕ್ಕ ತಾನಾಗಿ ಸಿಗುತ್ತದೆ.

ಹರಿದದ್ದು ಏನು ಅಂತ ಯಾರೂ ಹೇಳುತ್ತಿಲ್ಲ ಅಂದಿರಿ. ಸತ್ತ ಮೀನುಗಳೇ ಒಂದಿಷ್ಟು ಹೇಳಿರುತ್ತವೆ. ಆ ಎರಡು ದಿನ ಹೊಳೆ ಹತ್ತಿರ ಇದ್ದವರನ್ನು, ಅದರಲ್ಲೂ ಬಲೆ ಹಾಕುವವರನ್ನು, ಕೂರಿಸಿಕೊಂಡು ಕೇಳಿ. ಸಾಯುವ ಮುಂಚೆ ಮೀನು ಮೇಲೆ ಬಂದು ಬಾಯಿ ತೆರೆದು ಗಾಳಿ ಎಳೆಯುತ್ತಿದ್ದವಾ? ಬೆಳಗಿನ ಜಾವ ಜಾಸ್ತಿ ಸತ್ತವಾ? ದೊಡ್ಡ ಮೀನು ಮೊದಲು ಹೋದವಾ? ಕೊರವ, ಚೇಳುಮೀನು ಬದುಕಿ ಉಳಿದವಾ? ಇದಕ್ಕೆಲ್ಲ ಹೌದು ಅಂದರೆ ನೀರಿನಲ್ಲಿ ಆಮ್ಲಜನಕ ಮುಗಿದುಹೋಗಿತ್ತು ಅಂತ ಬಹುಮಟ್ಟಿಗೆ ಹೇಳಬಹುದು. ಕೊರವ, ಚೇಳುಮೀನು ಗಾಳಿಯನ್ನೇ ನುಂಗಿ ಉಸಿರಾಡಬಲ್ಲವು, ಅದಕ್ಕೇ ಅವು ಬಚಾವಾಗುತ್ತವೆ. ಅದರ ಬದಲು ಸಣ್ಣ ಮೀನು ಮೊದಲು ಸತ್ತಿದ್ದರೆ, ಮೀನು ಸುತ್ತಿ ಸುತ್ತಿ ಒದ್ದಾಡಿದ್ದರೆ, ನಡು ಮಧ್ಯಾಹ್ನವೂ ಸತ್ತಿದ್ದರೆ, ಕೊರವ, ಕಪ್ಪೆ, ಏಡಿ ಎಲ್ಲ ಒಟ್ಟಿಗೆ ಹೋಗಿದ್ದರೆ, ಅದು ನೇರ ವಿಷ. ಮೀನಿನ ಸಾಕ್ಷಿ ಕೋರ್ಟಿನಲ್ಲಿ ನಿಲ್ಲುವಷ್ಟು ಗಟ್ಟಿಯಲ್ಲ. ಆದರೆ ಎಲ್ಲಿ ಹುಡುಕಬೇಕು ಅಂತ ತೋರಿಸುತ್ತದೆ.

ಆಮ್ಲಜನಕ ಮುಗಿದು ಮೀನು ಸಾಯುವುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. 2018ರ ಮೇ ತಿಂಗಳಲ್ಲಿ ಪಂಜಾಬಿನ ಗುರುದಾಸಪುರ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರಿಂದ ಕಾಕಂಬಿ ಉಕ್ಕಿ ಬಿಯಾಸ್ ನದಿ ಸೇರಿತು. ನೀರು ಕಂದುಗೆಂಪಾಯಿತು, ಮೀನು ರಾಶಿರಾಶಿ ತೇಲಿದವು. ಸಿಂಧೂ ಡಾಲ್ಫಿನ್ ಭಾರತದಲ್ಲಿ ಉಳಿದಿರುವ ನದಿ ಇದು. ಅದಕ್ಕೆ ಕೆಲವೇ ತಿಂಗಳ ಹಿಂದೆ ಘಡಿಯಾಲ್ ಮೊಸಳೆಗಳನ್ನೂ ಅಲ್ಲಿ ಬಿಟ್ಟಿದ್ದರು. ಕಾಕಂಬಿ ವಿಷವೇ ಅಲ್ಲ, ದನಕ್ಕೂ ಹಾಕುತ್ತಾರೆ, ಅಲ್ವಾ? ಆದರೆ ಅದು ನೀರಿಗೆ ಬಿದ್ದ ತಕ್ಷಣ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ. ಅವು ತಿನ್ನುತ್ತಾ, ಹೆಚ್ಚುತ್ತಾ, ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಎಳೆದುಬಿಡುತ್ತವೆ.

ಇದರ ಲೆಕ್ಕ ನೋಡಿದರೆ ದಂಗಾಗುತ್ತೀರಿ. 30 ಡಿಗ್ರಿ ಬಿಸಿಯ ಒಂದು ಲೀಟರ್ ನೀರಿನಲ್ಲಿ ಹೆಚ್ಚೆಂದರೆ 7.5 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ಕಾಕಂಬಿಯಿಂದ ಮದ್ಯಸಾರ ತೆಗೆದ ಮೇಲೆ ಡಿಸ್ಟಿಲರಿಯಲ್ಲಿ ಉಳಿಯುವ ಸ್ಪೆಂಟ್ ವಾಷ್ ಅನ್ನುವ ಕಂದು ನೀರಿದೆಯಲ್ಲ, ಅದರ ಒಂದು ಲೀಟರ್ ಕೊಳೆಯಲು 40,000ದಿಂದ 50,000 ಮಿಲಿಗ್ರಾಂ ಆಮ್ಲಜನಕ ಬೇಕು. ಅಂದರೆ ಆ ಒಂದು ಲೀಟರ್, ಹೊಳೆಯ 6,000 ಲೀಟರ್ ನೀರಿನ ಉಸಿರನ್ನು ಹೀರಬಲ್ಲದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಹೊಳೆಗಳು ಮಡುಗಳಾಗಿ ತುಂಡಾಗಿರುತ್ತವೆ. ನೀರು ಕಡಿಮೆ, ಬಿಸಿ ಜಾಸ್ತಿ. ಮುಂದಿನ ಮಳೆಗೆ ಮೊಟ್ಟೆ ಇಡಬೇಕಾದ ದೊಡ್ಡ ಮೀನುಗಳೆಲ್ಲ ಆ ಮಡುಗಳಲ್ಲೇ ಸೇರಿಕೊಂಡಿರುತ್ತವೆ. ಅದೇ ಹೊತ್ತಿಗೆ ಹೊಂಡ ಒಡೆದರೆ ಹೊಳೆಯ ಬಿತ್ತನೆ ಬೀಜವೇ ಸುಟ್ಟಂತೆ.

ಆದರೂ ನಿಮ್ಮೂರಲ್ಲಿ ಆದದ್ದು ಇದೇ ಆಗಿದ್ದರೆ, ಕೆಟ್ಟದ್ದರಲ್ಲಿ ಒಳ್ಳೆಯದು. ಸಕ್ಕರೆ, ಸ್ಟಾರ್ಚ್ ಜಾತಿಯ ಕೊಳೆಯನ್ನು ಹೊಳೆ ತಾನೇ ಅರಗಿಸಿಕೊಳ್ಳುತ್ತದೆ. ಕಲ್ಲುಗಳ ಮೇಲೆ ನೊರೆಯೆದ್ದು ಹರಿಯುವ ಜಾಗ ಬಂದ ಕಡೆಯಲ್ಲೆಲ್ಲ ಗಾಳಿ ಮತ್ತೆ ನೀರಿಗೆ ಸೇರುತ್ತದೆ. ಮಡುಗಳ ತಳದಲ್ಲಿ ನಾರುವ ಕಪ್ಪು ಕೆಸರು ಸ್ವಲ್ಪ ಕಾಲ ಉಳಿಯುತ್ತದೆ, ಅದನ್ನು ಮಾತ್ರ ಒಂದು ಒಳ್ಳೆಯ ಮಳೆಗಾಲ ನಿಜಕ್ಕೂ ತೊಳೆಯುತ್ತದೆ.

ಇನ್ನು ಪ್ಲೇಟಿಂಗ್ ಘಟಕದ ಕಡೆ ಬರೋಣ. ಇಂಥ ಘಟಕಗಳಲ್ಲಿ ಸಯನೈಡ್ ಬಳಸುವುದುಂಟು, ಕ್ರೋಮಿಯಂ, ನಿಕ್ಕಲ್, ಸತು ಬಳಸುವುದಂತೂ ಇದ್ದೇ ಇದೆ. ಕೊಲ್ಲುವ ವಿಷ ಮತ್ತು ಉಳಿಯುವ ವಿಷ ಬೇರೆ ಬೇರೆ ಎಂಬುದಕ್ಕೆ ಪೂರ್ವ ಯುರೋಪಿನ ಟಿಸ್ಸಾ ನದಿಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. 2000ದ ಜನವರಿ 30ರ ರಾತ್ರಿ ರೊಮೇನಿಯಾದ ಬಾಯಾ ಮಾರೆ ಎಂಬಲ್ಲಿ ಚಿನ್ನ ತೆಗೆಯುವ ಘಟಕದ ತ್ಯಾಜ್ಯದ ಕಟ್ಟೆ ಒಡೆಯಿತು. ಹಿಮದ ಮೇಲೆ ಮಳೆ ಸುರಿದು ಹೊಂಡ ತುಂಬಿತ್ತು. ಸುಮಾರು 1,00,000 ಘನ ಮೀಟರ್ ಸಯನೈಡ್ ನೀರು ಸೊಮೆಶ್ ನದಿಗೆ, ಅಲ್ಲಿಂದ ಹಂಗೇರಿಯ ಟಿಸ್ಸಾಗೆ, ಕೊನೆಗೆ ಡ್ಯಾನ್ಯೂಬ್‌ಗೆ ಹೋಯಿತು. ಹಂಗೇರಿಯಲ್ಲಿ ಮಾತ್ರ 1,000 ಟನ್ನಿಗಿಂತ ಹೆಚ್ಚು ಮೀನು ಸತ್ತವು. ಟಿಸ್ಸಾ ಸತ್ತೇಹೋಯಿತು ಅಂತ ಪತ್ರಿಕೆಗಳು ಬರೆದವು.

ಸಯನೈಡ್ ಭಯಂಕರ, ಆದರೆ ಅದರ ಆಯಸ್ಸು ಕಡಿಮೆ. ಬಿಸಿಲು, ಗಾಳಿ, ಬ್ಯಾಕ್ಟೀರಿಯಾ ಸೇರಿ ಅದನ್ನು ಒಡೆಯುತ್ತವೆ. ಮೀನಿನ ಮೈಯಲ್ಲಿ ಅದು ವರ್ಷಗಟ್ಟಲೆ ಕೂಡಿಟ್ಟುಕೊಂಡು ಕೂರುವುದಿಲ್ಲ. ವಿಷದ ಅಲೆ ದಾಟಿಹೋದ ಕೆಲವೇ ದಿನಗಳಲ್ಲಿ ಟಿಸ್ಸಾ ನೀರಿನ ಸೂಕ್ಷ್ಮಜೀವಿಗಳು ಮತ್ತೆ ಕಾಣಿಸಿಕೊಂಡವು. ಸೊಮೆಶ್ ಬಂದು ಸೇರುವ ಜಾಗಕ್ಕಿಂತ ಮೇಲಿನ ಟಿಸ್ಸಾಗೆ ಈ ವಿಷ ತಗುಲಿಯೇ ಇರಲಿಲ್ಲ. ಮೀನುಗಳಿಗೆ ಅದೇ ತವರು, ಅಲ್ಲಿಂದ ಕೆಳಗಿಳಿಯಬಹುದಿತ್ತು. ಆದರೆ ಅದೇ ವರ್ಷ ಮಾರ್ಚ್ 10ರಂದು ಬಾಯಾ ಬೊರ್ಶಾ ಎಂಬಲ್ಲಿ ಇನ್ನೊಂದು ಗಣಿ ಕಟ್ಟೆ ಒಡೆದು, ಸೀಸ, ಸತು, ತಾಮ್ರ ಇರುವ ಸುಮಾರು 20,000 ಟನ್ ಕೆಸರು ಮೇಲಿನ ಟಿಸ್ಸಾ ಕಡೆಗೇ ಇಳಿಯಿತು. ಇದು ಮೊದಲಿನದರಷ್ಟು ಸುದ್ದಿಯಾಗಲಿಲ್ಲ. ತೇಲುವ ಮೀನಿನ ಫೋಟೋ ಇಲ್ಲದಿದ್ದರೆ ಸುದ್ದಿ ಎಲ್ಲಿಂದ ಬರಬೇಕು? ಲೋಹ ಒಡೆಯುವುದಿಲ್ಲ, ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಕೆಸರಿನ ಕಣಕ್ಕೆ ಅಂಟಿ ತಳಕ್ಕೆ ಕೂರುತ್ತದೆ. ಪ್ರತಿ ಪ್ರವಾಹಕ್ಕೆ ಎದ್ದು ಸ್ವಲ್ಪ ಕೆಳಗೆ ಹೋಗಿ ಮತ್ತೆ ಕೂರುತ್ತದೆ. ನನ್ನನ್ನು ಕೇಳಿದರೆ ಆ ಎರಡರಲ್ಲಿ ಹೆಚ್ಚು ಕಾಲ ಕಣ್ಣಿಡಬೇಕಾದದ್ದು ಮಾರ್ಚ್ ತಿಂಗಳದ್ದು.

ಈಗ ಎರಡನೇ ಪ್ರಶ್ನೆ, ಜೀವ ಎಲ್ಲಿಂದ ಬರಬೇಕು ಎಂಬುದು. ಇದಕ್ಕೆ ರೈನ್ ನದಿಯ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

1986ರ ನವೆಂಬರ್ 1. ನಡುರಾತ್ರಿ ಕಳೆದು ಸ್ವಲ್ಪ ಹೊತ್ತಾಗಿತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್ ಪಕ್ಕದ ಶ್ವೈಟ್ಸರ್‌ಹಾಲೆಯಲ್ಲಿ ಸ್ಯಾಂಡೋಜ್ ಕಂಪನಿಯ ಗೋದಾಮಿಗೆ ಬೆಂಕಿ ಬಿತ್ತು. ಒಳಗೆ ಸುಮಾರು 1,350 ಟನ್ ರಾಸಾಯನಿಕ ಇತ್ತು, ಬಹುಪಾಲು ಕೃಷಿಗೆ ಬಳಸುವ ಕೀಟನಾಶಕ, ಜೊತೆಗೆ ಪಾದರಸ ಇರುವ ಶಿಲೀಂಧ್ರನಾಶಕ. ಇಡೀ ಊರಿಗೆ ಕೊಳೆತ ಮೊಟ್ಟೆಯಂಥ ನಾತ ಹಬ್ಬಿತು. ಸೈರನ್ ಕೂಗಿತು, ಕಿಟಕಿ ಮುಚ್ಚಿ ಒಳಗೇ ಇರಿ ಅಂತ ಜನರಿಗೆ ಹೇಳಿದರು. ಅಗ್ನಿಶಾಮಕದವರು ಬೆಂಕಿಗೆ ಸುರಿದ ನೀರು ಎಲ್ಲಿ ಹೋಗಬೇಕು ಅಂತ ಮಾತ್ರ ಯಾರೂ ಮೊದಲೇ ಯೋಚಿಸಿರಲಿಲ್ಲ. ಅದನ್ನು ಹಿಡಿದಿಡಲು ಒಂದು ತೊಟ್ಟಿಯೂ ಇರಲಿಲ್ಲ. 10,000 ಘನ ಮೀಟರ್ ಮೀರಿದ ಆ ನೀರು ಚರಂಡಿ ಹಿಡಿದು ರೈನ್ ಸೇರಿತು. ಗೋದಾಮಿನಲ್ಲಿದ್ದ ಬಣ್ಣವೊಂದು ಕರಗಿ ನದಿ ಕೆಂಪಾಯಿತು.

ಬಾಸೆಲ್ ಹತ್ತಿರ ರೈನ್ ಸಾಮಾನ್ಯವಾಗಿ ಸೆಕೆಂಡಿಗೆ 1,000 ಘನ ಮೀಟರ್ ಹರಿಯುವ ದೊಡ್ಡ ನದಿ. ಅಷ್ಟು ನೀರಿದ್ದರೂ ಕೆಳಗೆ ಸುಮಾರು 400 ಕಿಲೋಮೀಟರ್ ದೂರದವರೆಗೆ ಹಾವುಮೀನು ಸತ್ತವು. ಸುಮಾರು 1,50,000 ಅಂತ ಅಂದಾಜು. ಹಾವುಮೀನು ತಳದಲ್ಲಿ ಬದುಕುವ ಪ್ರಾಣಿ, ಅದಕ್ಕೇ ಅದರ ಮೇಲೆ ಅಷ್ಟು ಪೆಟ್ಟು. ಕಲ್ಲಿನಡಿಯ ಹುಳಹುಪ್ಪಟೆಯೂ ಹೋಯಿತು. ಕೀಟನಾಶಕ ಮಾಡುವುದೇ ಕೀಟ ಕೊಲ್ಲಲು, ಹೊಳೆಯ ಕೀಟ ಬೇರೆ, ಹೊಲದ ಕೀಟ ಬೇರೆ ಅಂತ ಅದಕ್ಕೆ ಗೊತ್ತಾಗುತ್ತದೆಯೇ? ಜರ್ಮನಿಯಿಂದ ನೆದರ್‌ಲೆಂಡ್ಸ್‌ವರೆಗೆ ಊರುಗಳು ಕುಡಿಯುವ ನೀರು ಎತ್ತುವುದನ್ನು ನಿಲ್ಲಿಸಿದವು.

ರೈನ್ ಮತ್ತೆ ಮೇಲೇಳಲು ದಶಕಗಳೇ ಬೇಕು ಎಂಬ ಮಾತು ಆಗ ಬಲವಾಗಿತ್ತು. ಹಾಗಾಗಲಿಲ್ಲ. ಒಂದೆರಡು ವರ್ಷದಲ್ಲೇ ತಳದ ಹುಳಗಳ ಬಹುಪಾಲು ಜಾತಿಗಳು ಮರಳಿದವು. ಮೊದಲ ಕಾರಣ, ಆ ಕೀಟನಾಶಕಗಳು ನೀರಿನಲ್ಲಿ ಹೋಲಿಕೆಗೆ ಬೇಗ ಒಡೆಯುವ ಜಾತಿಯವು. ಗೋದಾಮಿನ ಬಳಿ ತಳದಲ್ಲಿ ಕೂತ ವಿಷದ ಕೆಸರನ್ನು ಮುಳುಗುಗಾರರು ಇಳಿದು ಹೀರಿ ತೆಗೆದರು. ಎರಡನೇ ಕಾರಣ ನನ್ನ ಪ್ರಕಾರ ಇನ್ನೂ ದೊಡ್ಡದು. ಅಪಘಾತ ಆದ ಜಾಗಕ್ಕಿಂತ ಮೇಲಿನ ರೈನ್‌ಗೆ ಏನೂ ಆಗಿರಲಿಲ್ಲ. ಕೆಳಗೆ ಬಂದು ಸೇರುವ ನೆಕ್ಕರ್, ಮೈನ್, ಮೊಸೆಲ್‌ನಂಥ ಉಪನದಿಗಳಲ್ಲಿ, ಪಕ್ಕದ ಹಿನ್ನೀರುಗಳಲ್ಲಿ ಜೀವ ಉಳಿದಿತ್ತು. ಅಲ್ಲಿಂದಲೇ ಎಲ್ಲ ಬಂತು.

ಇದು ಹೇಗೆ ನಡೆಯುತ್ತದೆ ಅಂತ ನೀವೇ ನೋಡಬಹುದು. ಸಂಜೆ ಹೊತ್ತು ಹರಿಯುವ ನೀರಿಗೆ ಸಣ್ಣ ಕಣ್ಣಿನ ಬಲೆ ಅಡ್ಡ ಹಿಡಿಯಿರಿ. ಕತ್ತಲಾಗುತ್ತಿದ್ದಂತೆ ಕಲ್ಲಿನಡಿಯ ಮರಿಹುಳುಗಳು ಹಿಡಿತ ಬಿಟ್ಟು ನೀರಿನ ಜೊತೆ ತೇಲಿ ಬರುತ್ತವೆ. ದಿನಾ ರಾತ್ರಿ ಎಲ್ಲ ಆರೋಗ್ಯವಂತ ಹೊಳೆಯಲ್ಲೂ ನಡೆಯುವ ಸಾಗಾಟ ಇದು. ಕೆಳಗೆ ಜಾಗ ಖಾಲಿ ಇದ್ದರೆ ಅಲ್ಲೇ ತಳ ಊರುತ್ತವೆ. ರೆಕ್ಕೆ ಬಂದ ಮೇಲೆ ದೊಡ್ಡ ಹುಳುಗಳು ಹಾರಿಹೋಗಿ ಇನ್ನೊಂದು ಕಡೆ ಮೊಟ್ಟೆ ಇಡುತ್ತವೆ. ಹೀಗೆ ಮೊದಲು ಬರುವವು ಪಾಚಿ, ಆಮೇಲೆ ಬೇಗ ಬೇಗ ಸಂತಾನ ಮಾಡುವ ಸಣ್ಣ ನೊಣಗಳ ಮರಿಗಳು, ಆಮೇಲೆ ಬಾಲದಂಥ ಮೂರು ಎಳೆ ಇರುವ ಮೇಫ್ಲೈ ಮರಿಗಳು, ಮರಳು ಪೋಣಿಸಿ ಗೂಡು ಕಟ್ಟುವ ಕ್ಯಾಡಿಸ್ ಹುಳುಗಳು. ನಮ್ಮ ಬಿಸಿ ವಾತಾವರಣದಲ್ಲಿ ಹುಳುಗಳ ತಲೆಮಾರು ಬೇಗ ಉರುಳುತ್ತದೆ, ಹಾಗಾಗಿ ಇಷ್ಟೆಲ್ಲ ಯುರೋಪಿಗಿಂತ ಬೇಗ ಆದರೂ ಆಶ್ಚರ್ಯವಿಲ್ಲ.

ತಡ ಮಾಡುವವರೂ ಇದ್ದಾರೆ. ಬಸವನಹುಳುವಿಗೆ ರೆಕ್ಕೆ ಇಲ್ಲ. ಕಪ್ಪೆಚಿಪ್ಪಿನ ಕಥೆ ಇನ್ನೂ ಫಜೀತಿ. ಹೊಳೆಯ ಕಪ್ಪೆಚಿಪ್ಪುಗಳಲ್ಲಿ ಹಲವು ಜಾತಿಯ ಮರಿಗಳು ಮೊದಲ ಕೆಲವು ವಾರ ಮೀನಿನ ಕಿವಿರಿಗೆ ಅಂಟಿಕೊಂಡು ಬೆಳೆಯಬೇಕು. ಅಂದರೆ ಮೊದಲು ಮೀನು ಬರಬೇಕು, ಅದೂ ಸರಿಯಾದ ಜಾತಿಯ ಮೀನು. ಟಿಸ್ಸಾದಲ್ಲಿ ಒಂದು ಉದ್ದ ಬಾಲದ ಮೇಫ್ಲೈ ಇದೆ. ಅದರ ಮರಿ ದಂಡೆಯ ಜೇಡಿಮಣ್ಣಿನ ಬಿಲದಲ್ಲಿ ಮೂರು ವರ್ಷ ಇದ್ದು, ಜೂನ್‌ನಲ್ಲಿ ಕೆಲವೇ ಗಂಟೆ ಹಾರಿ ಸಾಯುತ್ತದೆ. ಇಂಥದ್ದರ ಒಂದು ತಲೆಮಾರು ತಪ್ಪಿದರೆ ಸರಿಹೋಗಲು ಎಷ್ಟು ಕಾಲ ಹಿಡಿಯುತ್ತದೆ, ಲೆಕ್ಕ ಹಾಕಿ.

ಮೇಲಿನ ಹೊಳೆ ಚೆನ್ನಾಗಿದ್ದರೆ ಏನಾಗುತ್ತದೆ ಅಂತ ನೋಡಲು ರೈನ್‌ವರೆಗೆ ಹೋಗಬೇಕಿಲ್ಲ. ದಕ್ಷಿಣ ಕನ್ನಡದ ಶಿಶಿಲದಲ್ಲಿ, ಶಿಶಿಲೇಶ್ವರ ದೇವಸ್ಥಾನದ ಮುಂದಿನ ಕಪಿಲಾ ಹೊಳೆಯಲ್ಲಿ ದೇವರ ಮೀನುಗಳಿವೆ. 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತವು. ಅವುಗಳ ನೆನಪಿಗೆ ಅಲ್ಲಿ ಸ್ಮಾರಕವೇ ಇದೆ. ಅದು ಕಾರ್ಖಾನೆಯ ತ್ಯಾಜ್ಯವಲ್ಲ ನಿಜ. ಆದರೆ ಒಂದೇ ಸಲದ ವಿಷ, ಮೇಲೆ ಘಟ್ಟದ ಕಾಡು, ಹೊಳೆಗೆ ಬರುವ ಹಳ್ಳಗಳು ಸರಿಯಿದ್ದವು, ಮೀನು ಹಿಡಿಯಬಾರದು ಎಂಬ ಕಟ್ಟುಪಾಡೂ ಇತ್ತು. ಈಗ ಹೋದರೆ ಅರಳು ಎಸೆದಲ್ಲಿ ನೀರು ಕುದಿಯುವಷ್ಟು ಮೀನು ಇವೆ.

ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆಂದರೆ, ನಿಮ್ಮ ಹೊಳೆಗೆ ಮೇಲ್ಗಡೆ ಯಾವ ಯಾವ ಹಳ್ಳ ಸೇರುತ್ತವೆ, ಅವುಗಳಲ್ಲಿ ಬೇಸಿಗೆಯಲ್ಲೂ ನೀರು ನಿಲ್ಲುತ್ತದಾ, ನಡುವೆ ಮೀನು ದಾಟಲಾಗದ ಬ್ಯಾರೇಜ್ ಇದೆಯಾ, ಇದೇ ನಿಮ್ಮ ಹೊಳೆಯ ಭವಿಷ್ಯ. ಮರಳು ತೋಡಿ ತೋಡಿ ಮಡುವೂ ಇಲ್ಲ, ಕಲ್ಲೂ ಇಲ್ಲ ಎಂಬಂತೆ ಮಾಡಿಟ್ಟಿದ್ದರೆ, ಬಂದ ಜೀವ ಕೂರುವುದಾದರೂ ಎಲ್ಲಿ?

ರೈನ್ ಮೊದಲಿನಂತಾಯಿತಾ ಅಂತ ಕೇಳಿದರೆ, ಇಲ್ಲ. ಕೆಲವು ವಿಷಯದಲ್ಲಿ ಮೊದಲಿಗಿಂತ ಚೆನ್ನಾಯಿತು. ಬೆಂಕಿಯ ಸುದ್ದಿಗೆ ಜನ ರೊಚ್ಚಿಗೆದ್ದ ಮೇಲೆ, ನದಿ ಪಾತ್ರದ ದೇಶಗಳು 1987ರಲ್ಲಿ ಒಂದು ಕಾರ್ಯಕ್ರಮ ಒಪ್ಪಿಕೊಂಡವು. ಕಾರ್ಖಾನೆಗಳ ವಿಷವನ್ನು ಅರ್ಧಕ್ಕೆ ಇಳಿಸಬೇಕು, 2000ದ ಹೊತ್ತಿಗೆ ಸಾಲ್ಮನ್ ಮೀನು ಮರಳಬೇಕು ಅಂತ ಗುರಿ ಇಟ್ಟರು. ಗೋದಾಮುಗಳಿಗೆ ಬೆಂಕಿ ನೀರು ಹಿಡಿಯುವ ತೊಟ್ಟಿಗಳು ಬಂದವು. 1990ರಲ್ಲಿ ಸೀಗ್ ಎಂಬ ಉಪನದಿಯಲ್ಲಿ ಸಾಲ್ಮನ್ ಮತ್ತೆ ಕಾಣಿಸಿತು. ಇನ್ನೊಂದು ಕಡೆ, 1992ರಲ್ಲಿ ಮೈನ್ ಮತ್ತು ಡ್ಯಾನ್ಯೂಬ್ ನಡುವೆ ಕಾಲುವೆ ತೆರೆದ ಮೇಲೆ ಕಪ್ಪು ಸಮುದ್ರದ ಕಡೆಯ ಸಿಗಡಿಯಂಥ ಹೊಸ ಪ್ರಾಣಿಗಳು ನುಗ್ಗಿ ರೈನ್ ತಳದ ಹಳೆಯ ಒಕ್ಕಲನ್ನು ಎಬ್ಬಿಸಿದವು. ಅಂದರೆ ನದಿಗೆ ಜೀವ ಬಂತು, ಹಳೆಯ ಪಟ್ಟಿಯೇ ಬರಲಿಲ್ಲ. ನಿಮ್ಮ ಹೊಳೆಯಲ್ಲೂ 'ಮೊದಲಿನಂತೆ' ಎಂಬುದನ್ನು ಸ್ವಲ್ಪ ಸಡಿಲವಾಗಿ ಹಿಡಿದುಕೊಳ್ಳಿ.

ಈಗ ಕೆಸರಿಗೆ ಮರಳಿ ಬರುತ್ತೇನೆ, ಯಾಕೆಂದರೆ ಪ್ಲೇಟಿಂಗ್ ಘಟಕದ ತ್ಯಾಜ್ಯ ನಿಮ್ಮಲ್ಲಿಗೆ ಬಂದಿದ್ದರೆ ಆಟವೇ ಬೇರೆ. ಮಳೆ ತೊಳೆಯುತ್ತದೆ ಅಂದಾಗ, ತೊಳೆದು ಎಲ್ಲಿಗೆ ಒಯ್ಯುತ್ತದೆ ಅಂತ ಕೇಳಬೇಕು. ಲೋಹದ ಕೆಸರು ಕೆಳಗಿನ ಬ್ಯಾರೇಜಿನ ಹಿನ್ನೀರಿಗೆ ಹೋಗಿ ಕೂರುತ್ತದೆ, ಇಲ್ಲವೇ ಪ್ರವಾಹ ಉಕ್ಕಿದಾಗ ದಂಡೆಯ ಹೊಲಗದ್ದೆಗೆ ಏರುತ್ತದೆ. ಪಂಪ್‌ಸೆಟ್ಟಿನಲ್ಲಿ ನಾವೇ ಎತ್ತಿ ಹಾಕಿಕೊಳ್ಳುವುದೂ ಉಂಟು.

ಜಪಾನಿನ ಟೊಯಾಮಾ ಪ್ರಾಂತದ ಜಿಂಜೂ ನದಿಯಲ್ಲಿ ಹೀಗೇ ಆಯಿತು. ಅಲ್ಲಿ ಒಡೆದ ಕಟ್ಟೆ ಇರಲಿಲ್ಲ. ಮೇಲಿನ ಕಮಿಯೋಕಾ ಗಣಿಯಿಂದ ಕ್ಯಾಡ್ಮಿಯಂ ವರ್ಷಾನುಗಟ್ಟಲೆ ಸೋರಿ, ನೀರಾವರಿಯ ಜೊತೆ ಭತ್ತದ ಗದ್ದೆ ಸೇರಿತು. ಗದ್ದೆಯಿಂದ ಅಕ್ಕಿಗೆ, ಅಕ್ಕಿಯಿಂದ ಮೂಳೆಗೆ. ಮೂಳೆ ಮೆತ್ತಗಾಗಿ, ಮುರಿದು, ಜನ ನೋವಿನಿಂದ ಕಿರುಚುತ್ತಿದ್ದರು. ಆ ಕಾಯಿಲೆಗೆ ಮಾಲಿನ್ಯವೇ ಕಾರಣ ಅಂತ ಸರ್ಕಾರ ಒಪ್ಪಿದ್ದು 1968ರಲ್ಲಿ. ಗದ್ದೆಯ ಮಣ್ಣು ಸರಿಪಡಿಸುವ ಕೆಲಸ 1979ರಲ್ಲಿ ಶುರುವಾಗಿ ಮುಗಿದದ್ದು 2012ರಲ್ಲಿ. 800 ಹೆಕ್ಟೇರಿಗಿಂತ ಹೆಚ್ಚು ಗದ್ದೆಗೆ 33 ವರ್ಷ ಹಿಡಿಯಿತು. ನಮ್ಮ ಹತ್ತಿರದಲ್ಲಿ ಬೇಕೆಂದರೆ ತಮಿಳುನಾಡಿನ ರಾಣಿಪೇಟೆ ಇದೆ. ಅಲ್ಲಿ ಕ್ರೋಮಿಯಂ ಕಾರ್ಖಾನೆ ಮುಚ್ಚಿ ದಶಕಗಳಾದರೂ, ಅದು ಬಿಟ್ಟುಹೋದ ತ್ಯಾಜ್ಯದ ಗುಡ್ಡದಿಂದ ಅಂತರ್ಜಲಕ್ಕೆ ವಿಷ ಇಳಿಯುತ್ತಲೇ ಬಂತು.

ಕೆಸರನ್ನು ತೆಗೆದರೆ ಬೇಗ ಆಗುತ್ತದಾ? ಆಗುತ್ತದೆ, ಮೊದಲೇ ತೆಗೆದರೆ. ಹಂಗೇರಿಯ ಐಕಾದಲ್ಲಿ 2010ರ ಅಕ್ಟೋಬರ್ 4ರಂದು ಅಲ್ಯುಮಿನಾ ಕಾರ್ಖಾನೆಯ ಕೆಂಪು ಕೆಸರಿನ ಕಟ್ಟೆ ಒಡೆದು 10 ಜನ ಸತ್ತರು. ಆ ಕೆಸರು ಚರ್ಮ ಸುಡುವಷ್ಟು ಕ್ಷಾರ. ಮಾರ್ಸಲ್ ನದಿಯಲ್ಲಿ ಜೀವವೇ ಉಳಿಯಲಿಲ್ಲ. ಕ್ಷಾರ ಇಳಿಸಲು ಜಿಪ್ಸಮ್ ಸುರಿದರು, ಹೊಳೆಯಿಂದ ಕೆಸರನ್ನು ಯಂತ್ರ ಇಳಿಸಿ ತೆಗೆದರು, ಪ್ರವಾಹಗಳೂ ಕೈಜೋಡಿಸಿದವು. ಎರಡು ಮೂರು ವರ್ಷದಲ್ಲಿ ತಳ ಬಹುಮಟ್ಟಿಗೆ ಶುದ್ಧವಾಯಿತು. ಆದರೆ ಇದು ಜೆಸಿಬಿ ತಂದು ಸುಮ್ನೆ ಕೆದಕುವ ಕೆಲಸವಲ್ಲ. ಪರೀಕ್ಷೆ ಇಲ್ಲದೆ ಕೆದಕಿದರೆ ಕೂತ ಲೋಹವನ್ನು ನಾವೇ ಎಬ್ಬಿಸಿದ ಹಾಗಾಗುತ್ತದೆ. ತೆಗೆದ ಕೆಸರನ್ನು ದಂಡೆಯಲ್ಲೇ ಗುಡ್ಡೆ ಹಾಕಿದರಂತೂ ಮುಂದಿನ ಮಳೆಗೆ ವಾಪಸ್ ಹೊಳೆಗೇ.

ಹಾಗಾಗಿ ನೀವು ಮೊದಲು ಮಾಡಿಸಬೇಕಾದದ್ದು ಕೆಸರಿನ ಪರೀಕ್ಷೆ. ಏಪ್ರಿಲ್‌ನ ನೀರು ಈಗ ಸಮುದ್ರ ಸೇರಿರುತ್ತದೆ, ಈಗಿನ ನೀರು ತೋರಿಸಿ 'ಎಲ್ಲ ಸರಿ ಇದೆ' ಅಂತ ವರದಿ ಕೊಡುವುದು ಬಹಳ ಸುಲಭ. ನೀರು ನಿಧಾನವಾಗುವ ಮಡುವಿನ ಅಂಚಿನಿಂದ ಮೇಲ್ಪದರದ ನಯವಾದ ಕೆಸರು ತೆಗೆಯಬೇಕು. ಕಾರ್ಖಾನೆಗಳಿಗಿಂತ ಮೇಲಿನ ಒಂದು ಜಾಗದಿಂದ, ಕೆಳಗಿನ ಎರಡು ಮೂರು ಜಾಗದಿಂದ. ಮೇಲಿನದ್ದು ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ, 'ನಿಮ್ಮ ಮಣ್ಣೇ ಹೀಗೆ' ಅಂದುಬಿಡುತ್ತಾರೆ. ಕ್ರೋಮಿಯಂ, ನಿಕ್ಕಲ್, ಸತು, ಕ್ಯಾಡ್ಮಿಯಂ, ಸೀಸ ನೋಡಿಸಿ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಟ್ಟು, ಸ್ಯಾಂಪಲ್ ತೆಗೆಯುವಾಗ ಊರಿನವರು ಹಾಜರಿದ್ದು ಸಹಿ ಹಾಕಿ. ಹೊಳೆಗೆ ಹತ್ತಿರದ ಬಾವಿ, ಬೋರ್‌ವೆಲ್ ನೀರನ್ನೂ ಕೊಡಿ. ವರದಿ ಬರುವ ತನಕ ತಳದಲ್ಲಿ ಮೇಯುವ ಮೀನು, ಏಡಿ, ಕಪ್ಪೆಚಿಪ್ಪು ತಿನ್ನಬೇಡಿ. ಪರಿಹಾರಕ್ಕೆ ಮತ್ತು ಹೊಳೆ ಸರಿಪಡಿಸುವ ಖರ್ಚಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಲು ಘಟನೆ ಆದಾಗಿನಿಂದ 5 ವರ್ಷ ಅವಕಾಶವಿದೆ. ನಮ್ಮ ರಾಜ್ಯಕ್ಕೆ ಅದರ ಪೀಠ ಚೆನ್ನೈಯಲ್ಲಿದೆ. ಆದರೆ ಅದೇ ಕಾಯ್ದೆಯಡಿ ಬೇರೆ ಥರದ ಅರ್ಜಿಗಳಿಗೆ 6 ತಿಂಗಳ ಗಡುವು ಇದೆ. ವಕೀಲರನ್ನು ಈಗಲೇ ನೋಡಿ.

ಜಿಂಜೂ ರೈತರ ಇನ್ನೊಂದು ವಿಷಯ ನಿಮಗೆ ಉಪಯೋಗಕ್ಕೆ ಬರಬಹುದು. 1972ರಲ್ಲಿ ಮೊಕದ್ದಮೆ ಗೆದ್ದಾಗ ಅವರು ದುಡ್ಡಿಗೆ ತೃಪ್ತಿಪಡಲಿಲ್ಲ. ತಜ್ಞರನ್ನು ಕರೆದುಕೊಂಡು ಗಣಿಯ ಒಳಗೆ ಹೋಗಿ ಪರೀಕ್ಷೆ ಮಾಡುವ ಹಕ್ಕು ಬರೆಸಿಕೊಂಡರು, ಅದರ ಖರ್ಚು ಕಂಪನಿಯದ್ದು. ಅಲ್ಲಿಂದ ಮುಂದೆ ಪ್ರತಿ ವರ್ಷ ಹೋದರು. ನದಿಯ ಕ್ಯಾಡ್ಮಿಯಂ ಸಹಜ ಮಟ್ಟಕ್ಕೆ ಇಳಿಯಿತು. ಒಪ್ಪಂದದ ಮಾತು ಬಂದಾಗ ಪಂಚಾಯಿತಿ ಕೇಳಬೇಕಾದದ್ದು ಇಂಥದ್ದನ್ನ.

ಮೀನುಮರಿ ಬಿಡುವ ಬಗ್ಗೆ: ಈ ವರ್ಷ ಬೇಡ. ತಳದಲ್ಲಿ ಹುಳು ಇಲ್ಲದ ಹೊಳೆಗೆ ಮರಿ ಬಿಟ್ಟರೆ ಅವು ತಿನ್ನುವುದೇನು? ಮರಿ ಬಿಡುವ ಕಾರ್ಯಕ್ರಮಕ್ಕೆ ಫೋಟೋ ಚೆನ್ನಾಗಿ ಬರುತ್ತದೆ, ಅಷ್ಟೇ. ಸಾಮಾನ್ಯವಾಗಿ ಸಿಗುವುದು ಕಾಟ್ಲಾ, ರೋಹು, ಇಲ್ಲದಿದ್ದರೆ ತಿಲಾಪಿಯಾ. ಕೆರೆಗೆ ಸರಿ, ನಿಮ್ಮ ಹೊಳೆಯ ಮೂಲ ಮೀನುಗಳಲ್ಲ. ತಿಲಾಪಿಯಾ ಒಂದು ಸಲ ಖಾಲಿ ಹೊಳೆಯಲ್ಲಿ ತಳ ಊರಿದರೆ ಮರಳಿ ಬರುವ ಊರ ಮೀನಿಗೆ ಜಾಗ ಬಿಡುವುದಿಲ್ಲ. ರೈನ್‌ನಲ್ಲಿ ಸಾಲ್ಮನ್ ಮರಿಗಳನ್ನು ದಶಕಗಳಿಂದ ಬಿಡುತ್ತಿದ್ದಾರೆ, ಇನ್ನೂ ಅದು ಸ್ವಂತ ಕಾಲ ಮೇಲೆ ನಿಂತಿಲ್ಲ. ಅದೇ ದುಡ್ಡಿನಲ್ಲಿ ಕೆಸರಿನ ಪರೀಕ್ಷೆ ಮಾಡಿಸಿ. ಇನ್ನೊಂದು ಕೆಲಸಕ್ಕೆ ದುಡ್ಡೇ ಬೇಡ. ಮೊದಲ ಮಳೆಗೆ ಮೀನು ಮೊಟ್ಟೆ ಇಡಲು ಹಳ್ಳ ಹತ್ತುತ್ತವಲ್ಲ, ಮಲೆನಾಡಿನಲ್ಲಿ ಹತ್ತುಮೀನು ಅಂತಾರೆ, ಅವನ್ನು ಎರಡು ವರ್ಷ ಯಾರೂ ಹಿಡಿಯಬಾರದು ಅಂತ ಊರಲ್ಲಿ ಮಾತು ಮಾಡಿಕೊಳ್ಳಿ. ಉಳಿದಿರುವ ಪ್ರತಿ ತಾಯಿಮೀನಿನ ಹೊಟ್ಟೆಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇರುತ್ತದೆ.

ವರ್ಷಗಳ ಲೆಕ್ಕ ಕೇಳಿದ್ದಿರಿ. ಹರಿದದ್ದು ಕಾಕಂಬಿ ಜಾತಿಯದ್ದಾಗಿದ್ದು, ಮೇಲಿನ ಹಳ್ಳಗಳು ಚೆನ್ನಾಗಿದ್ದರೆ, ಹುಳುಹುಪ್ಪಟೆ ಒಂದು ಮಳೆಗಾಲದಲ್ಲಿ, ಮೀನು ಎರಡು ಮೂರು ವರ್ಷದಲ್ಲಿ ಸುಮಾರಾಗಿ ಬರಬೇಕು. ದೊಡ್ಡ ಮೀನು ದೊಡ್ಡದಾಗಲು ಅದರ ವಯಸ್ಸಿನಷ್ಟು ಕಾಲ ಬೇಕೇ ಬೇಕು. ಸಯನೈಡ್ ಮಾತ್ರ ಆಗಿದ್ದರೂ ಹೆಚ್ಚುಕಡಿಮೆ ಇಷ್ಟೇ. ಲೋಹ ಕೆಸರಿಗೆ ಇಳಿದಿದ್ದರೆ ಮೀನು ಕಾಣಿಸಿಕೊಳ್ಳಬಹುದು, ಆದರೆ ತಿನ್ನಲು ಯೋಗ್ಯವಾ ಎಂಬ ಪ್ರಶ್ನೆ ಹತ್ತಾರು ವರ್ಷ ಉಳಿಯಬಹುದು.

ಡಿಸೆಂಬರ್, ಜನವರಿಯಲ್ಲಿ ನೀರು ಇಳಿದು ತಿಳಿಯಾದಾಗ ಶಾಲೆ ಮಕ್ಕಳನ್ನು ಕರೆದುಕೊಂಡು ಹೊಳೆಗಿಳಿಯಿರಿ. ಕೆಸರಿನಲ್ಲಿ ಲೋಹ ಇಲ್ಲ ಅಂತ ವರದಿ ಬಂದ ಮೇಲೆ ಮಾತ್ರ. ಮೊಣಕಾಲುದ್ದ ನೀರಿನಲ್ಲಿ ಅಂಗೈಗಿಂತ ದೊಡ್ಡ ಕಲ್ಲು ಎತ್ತಿ ತಿರುಗಿಸಿ ಬಿಳಿ ತಟ್ಟೆಯ ಮೇಲೆ ತೊಳೆಯಿರಿ. ಕಾರ್ಖಾನೆಗಿಂತ ಮೇಲೆ ಹತ್ತು ಕಲ್ಲು, ಕೆಳಗೆ ಹತ್ತು ಕಲ್ಲು. ಚಪ್ಪಟೆ ಮೈ, ಪಕ್ಕದಲ್ಲಿ ಗರಿಯಂಥ ಕಿವಿರು ಅಲ್ಲಾಡಿಸುವ ಮೇಫ್ಲೈ ಮರಿ, ಮರಳಿನ ಗೂಡು, ಏರೋಪ್ಲೇನ್ ಚಿಟ್ಟೆಯ ಮರಿ ಎರಡೂ ಕಡೆ ಸಿಕ್ಕರೆ ಹೊಳೆ ದಾರಿಗೆ ಬಂದಿದೆ. ಕೆಳಗೆ ಮಾತ್ರ ಕಲ್ಲಿನ ಮೇಲೆ ಬೂದು ಲೋಳೆ, ಅಡಿಯಲ್ಲಿ ದಾರದಂಥ ಕೆಂಪು ಹುಳು ಬಿಟ್ಟರೆ ಬೇರೇನಿಲ್ಲ ಅಂದರೆ, ಆಮ್ಲಜನಕ ಇನ್ನೂ ಸಾಲುತ್ತಿಲ್ಲ. ಎರಡು ಮಳೆಗಾಲ ಕಳೆದ ಮೇಲೂ ಹಾಗೇ ಇದ್ದರೆ ಏಪ್ರಿಲ್‌ನ ಹೊಂಡದ ಮೇಲೆ ತಪ್ಪು ಹೊರಿಸಬೇಡಿ. ಆಗ ಹುಡುಕಬೇಕಾದದ್ದು ಈಗಲೂ ಹರಿಯುತ್ತಿರುವ ಒಂದು ಪೈಪ್. ಹಗಲಲ್ಲಿ ಅದು ಒಣಗೇ ಇರುತ್ತದೆ. ರಾತ್ರಿ ಹೊತ್ತು ಮತ್ತು ಜೋರು ಮಳೆ ಬಂದ ದಿನ ಹೋಗಿ ನೋಡಿ.